ಉಪ್ಪು ಕಾವಲುಗಾರನ ಕೋಟು

ನಮ್ಮ ಕಟ್ಟಡದ ಮೂರನೆಯ ಮಹಡಿಯ ಮಾಸ್ಟರಮ್ಮ ಸಿನಿಮಾ ನೋಡುವುದಿಲ್ಲ. ಸಿನಿಮಾದವರಿಗೆ ಬಟ್ಟೆ ಹೊಲಿಯುತ್ತ, ಕತ್ತರಿಸುತ್ತ ಇಪ್ಪತ್ತಾರು ವರ್ಷ ಕಳೆದಿದ್ದಾರೆ, ಅಷ್ಟೆ. ಯಾವ ನಟನ ಮಾತು ಬಂದರೂ ಅವರಿಗೆ ನೆನಪಾಗುವುದು ಅಳತೆ. "ಅವರಾ? ಬಲಭುಜ ಅರ್ಧ ಇಂಚು ಇಳಿದಿದೆ. ಒಳಗೆ ಪ್ಯಾಡ್ ಕೊಡದಿದ್ದರೆ ಕೋಟು ಜೋಲು ಮುಖ ಹಾಕುತ್ತೆ" ಎನ್ನುತ್ತಾರೆ. ಆ ನಟ ಪರದೆಯ ಮೇಲೆ ಯಾರನ್ನು ಕೊಂದ, ಯಾರನ್ನು ಮದುವೆಯಾದ ಎಂಬುದು ಅವರಿಗೆ ಬೇಕಿಲ್ಲ.

ಹೊಲಿಗೆಯವರಲ್ಲಿ ಅಳತೆ ಹಿಡಿದು ಬಟ್ಟೆ ಕತ್ತರಿಸುವವರನ್ನು ಮಾಸ್ಟರ್ ಎನ್ನುವುದು ರೂಢಿ. ಆ ಮೇಜು ಹೆಚ್ಚಾಗಿ ಗಂಡಸರದು. ಇವರು ಅಲ್ಲಿಗೆ ಬಂದಾಗ ಏನೆಂದು ಕರೆಯುವುದೆಂದು ತಿಳಿಯದೆ ಸ್ಟುಡಿಯೋದ ಹೊಲಿಗೆ ಷೆಡ್ಡಿನ ಹೆಂಗಸರು ಮಾಸ್ಟರ್‌ಗೆ ಅಮ್ಮನನ್ನು ಸೇರಿಸಿದರು. ಈಗ ಗ್ಯಾಸ್ ತರುವವನೂ ಹಾಗೆಯೇ ಕರೆಯುತ್ತಾನೆ.

ಹದಿನಾರನೆಯ ವಯಸ್ಸಿನಲ್ಲಿ ಅವರು ಸೋದರಮಾವನ ಹೊಲಿಗೆ ಅಂಗಡಿ ಸೇರಿದರು. ಎರಡು ವರ್ಷ ಅವರ ಕೈಗೆ ಕತ್ತರಿ ಬರಲಿಲ್ಲ. ಬ್ಲೇಡು ಹಿಡಿದು ಹಳೆಯ ಬಟ್ಟೆಗಳ ಹೊಲಿಗೆ ಬಿಚ್ಚುವುದಷ್ಟೇ ಕೆಲಸ. ಮದುವೆಯಾಯಿತು, ಮಗ ಹುಟ್ಟಿದ. ಅವನಿಗೆ ಒಂಬತ್ತು ತುಂಬಿದ ವರ್ಷ ಗಂಡ ತೀರಿಕೊಂಡರು. ಇದನ್ನು ಅವರು ಒಂದು ವಾಕ್ಯದಲ್ಲಿ ಹೇಳಿ ಮುಗಿಸುತ್ತಾರೆ. ನಾನೂ ಅಲ್ಲಿಗೇ ಬಿಡುತ್ತೇನೆ. ಆಮೇಲೆ ಸ್ಟುಡಿಯೋದ ಹಿಂಬದಿಯ ಉಡುಪಿನ ಷೆಡ್ಡಿಗೆ ಸೇರಿದರು. ತಗಡಿನ ಮಾಡು, ಹನ್ನೊಂದು ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಬಟ್ಟೆಯ ಥಾನುಗಳು, ನಡುವೆ ಒಂದು ಉದ್ದನೆಯ ಮೇಜು. ಹತ್ತು ವರ್ಷ ಯಂತ್ರದ ಮುಂದೆ, ಹದಿನಾರು ವರ್ಷ ಆ ಮೇಜಿನ ಮುಂದೆ. ಕುರ್ಚಿ ಹಾಕಿಸಿಕೊಡುತ್ತೇನೆಂದು ಷೆಡ್ಡಿನ ಯಜಮಾನರು ಹೇಳಿದ್ದುಂಟು. ಇವರು ಬೇಡವೆಂದರು.

ಅವರದೊಂದು ನಿಯಮವಿದೆ. ವಿನ್ಯಾಸಕರು ಬರೆದುಕೊಟ್ಟ ಚಿತ್ರವನ್ನು ನಂಬಿ ಅವರು ಕತ್ತರಿ ಆಡಿಸುವುದಿಲ್ಲ. ನರ್ಸಿನ ಉಡುಪು ಬೇಕೆಂದರೆ ಆಸ್ಪತ್ರೆಯ ಬೆಂಚಿನಲ್ಲಿ ಅರ್ಧ ದಿನ ಕೂತು ಬರುತ್ತಾರೆ. ಪೊಲೀಸ್ ಉಡುಪಿಗಾಗಿ ಠಾಣೆಯ ಎದುರು ನಿಂತು, ಯಾರನ್ನು ನೋಡಬೇಕಮ್ಮ ಎಂದು ಕೇಳಿಸಿಕೊಂಡದ್ದೂ ಇದೆ. "ನಿಮ್ಮ ಜೇಬಿನ ಹೊಲಿಗೆ ನೋಡ್ತಿದ್ದೆ" ಎಂದು ಇವರು ಉತ್ತರ ಕೊಟ್ಟರು.

ಮನೆಯಲ್ಲಿ ಮಗ, ಸೊಸೆ. ಮಗ ನೀರು ಸರಬರಾಜು ಕಚೇರಿಯಲ್ಲಿ ಪಾಳಿಯ ಕೆಲಸಗಾರ. ಮನೆಯಲ್ಲಿದ್ದರೆ ಮಲಗಿರುತ್ತಾನೆ, ಎದ್ದಿದ್ದರೆ ಊಟ ಮಾಡುತ್ತಿರುತ್ತಾನೆ. ಸೊಸೆ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಕಣ್ಣಿನ ನಂಬರು ತೆಗೆಯುತ್ತಾಳೆ. ಅವಳಿಗೆ ಇರುವ ಒಂದೇ ಚಟ ಮಾಂಗಾ, ಅಂದರೆ ಜಪಾನಿನ ಚಿತ್ರಕಥೆಗಳ ಪುಸ್ತಕ. ಬಸ್ಸಿನಲ್ಲಿ, ಒಲೆಯ ಮುಂದೆ, ಬಟ್ಟೆ ಒಗೆಯುವ ಯಂತ್ರ ತಿರುಗುವಷ್ಟು ಹೊತ್ತು, ಫೋನಿನಲ್ಲಿ ಅದನ್ನೇ ಓದುತ್ತಾಳೆ. ಮೂವತ್ತೊಂದು ಸಂಪುಟಗಳ ಒಂದು ಕಥೆಯಂತೂ ಅವಳಿಗೆ ಬಾಯಿಪಾಠ. ಹಳೆಯ ಕಾಲದ ಒಬ್ಬ ಬಡ ಕಾವಲುಗಾರ ಸಮುದ್ರದಂಡೆಯ ಉಪ್ಪಿನ ಗದ್ದೆಗಳನ್ನು ಕಾಯುತ್ತಾನೆ. ಅವನಿಗೊಂದು ಹಾಸುಹೊಲಿಗೆಯ, ಅಂದರೆ ಮೈತುಂಬ ಸಣ್ಣ ಟಾಕುಗಳ ಸಾಲಿರುವ ನೀಲಿ ಕೋಟು. ಅದರ ಮೇಲೆ ಏಳು ತೇಪೆ. ಒಂದೊಂದು ತೇಪೆಗೂ ಒಂದೊಂದು ಕಥೆ. ಅತ್ತೆ ಒಮ್ಮೆ ಇಣುಕಿ ನೋಡಿ, "ಇಷ್ಟು ದಿನದಿಂದ ಕಾಯ್ತಿದಾನಲ್ಲ, ಒಂದು ಉಪ್ಪಿನ ಮೂಟೆನಾದರೂ ಕದ್ದರಾ ಯಾರಾದರೂ?" ಎಂದು ಕೇಳಿದ್ದರು. ಸೊಸೆ ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಹೋದ ವರ್ಷ ಅದೇ ಕಥೆಯನ್ನು ನಟರನ್ನಿಟ್ಟು ಸಿನಿಮಾ ಮಾಡುವ ಹಕ್ಕು ಒಂದು ಕಂಪನಿಗೆ ಸಿಕ್ಕಿತು. ನಾಯಕನ ಉಡುಪಿನ ಕೆಲಸ ಮಾಸ್ಟರಮ್ಮನ ಷೆಡ್ಡಿಗೆ ಬಂತು. ಬರುವಾಗ ಜೊತೆಗೊಂದು ಕಾಗದವೂ ಬಂತು: ಯಾವ ಚಿತ್ರ, ಯಾವ ಉಡುಪು ಎಂಬುದನ್ನು ಮನೆಯವರಿಗೂ ಹೇಳಕೂಡದು. ಮಾಸ್ಟರಮ್ಮ ಓದಿ ಸಹಿ ಹಾಕಿದರು. ಸಹಿ ಹಾಕಿದ ಮೇಲೆ ಅವರ ಬಾಯಿ ಬಿಡಿಸಲು ಯಾರಿಂದಲೂ ಆಗದು. ಹೀಗಾಗಿ ಯಾರನ್ನು ಒಂದು ಮಾತು ಕೇಳಿದ್ದರೆ ಎಲ್ಲ ಸರಿಹೋಗುತ್ತಿತ್ತೋ ಅವಳು ಅದೇ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಇವರು ಕೇಳಲಿಲ್ಲ.

ವಿನ್ಯಾಸಕ ಇನ್ನೂ ಮೂವತ್ತು ದಾಟದವನು. ಅವನು ಕೊಟ್ಟ ಚಿತ್ರದಲ್ಲಿ ಕಾವಲುಗಾರ ಎದೆಯ ಮೇಲೆ ಕೈಕಟ್ಟಿ ನಿಂತಿದ್ದ.

"ಎದೆ ಮೇಲೆ ಕೋಟು ಹೇಗೆ ಮುಚ್ಚುತ್ತೆ? ಕೈ ಅಡ್ಡ ಇದೆಯಲ್ಲಪ್ಪ" ಎಂದು ಮಾಸ್ಟರಮ್ಮ ಕೇಳಿದರು.

"ಅದೇ ಮಾಸ್ಟರಮ್ಮ, ಅಡ್ಡಡ್ಡ ಬಂದು ಸೊಂಟದ ಹತ್ತಿರ ಕಟ್ಟೋದು. ನಿಮಗೆ ಗೊತ್ತಿರದ್ದಾ? ನೀವೇ ನೋಡಿಕೊಳ್ಳಿ."

ಅವರು ನೋಡಿಕೊಂಡರು. ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಆ ಮಾಂಗಾದ ಹಳೆಯ ಅನುವಾದದ ಕೊನೆಯ ಏಳು ಸಂಪುಟಗಳನ್ನು ತಂದು, ಮನೆಯಲ್ಲಿ ಕಾಣದಂತೆ ಮಂಚದ ಕೆಳಗಿಟ್ಟರು. ಸೊಸೆ ಅಂಗಡಿಗೆ ಹೋದ ಮೇಲೆ ತೆಗೆದು, ಭೂತಗನ್ನಡಿ ಹಿಡಿದು, ಒಂದೊಂದೇ ಪುಟ ನೋಡಿದರು. ಕಥೆ ಓದಲಿಲ್ಲ, ಕೋಟು ಓದಿದರು. ಹೊಲಿಗೆಯ ಸಾಲುಗಳ ನಡುವಿನ ಅಂತರ, ತೇಪೆಗಳ ಕ್ರಮ, ಯಾವ ಭುಜದ ಬಟ್ಟೆ ಹೆಚ್ಚು ಸವೆದಿದೆ, ಎಲ್ಲವನ್ನೂ ಬರೆದುಕೊಂಡರು. ಕೋಟಿನ ಬಲಗಡೆಯ ಅಂಚು ಎಡಗಡೆಯದರ ಮೇಲೆ ಬರುತ್ತಿತ್ತು. ನಮ್ಮಲ್ಲಿ ಗಂಡಸರ ಅಂಗಿ ಹಾಗೆ ಮುಚ್ಚುವುದಿಲ್ಲ, ಹೆಂಗಸರದು ಮುಚ್ಚುತ್ತದೆ. ಇದು ಅವರ ಕಣ್ಣಿಗೆ ಬಿದ್ದಿತು. ಕಾವಲುಗಾರ ಊಟ ಮಾಡುವುದೂ ಉಪ್ಪು ಎಳೆಯುವ ಹಲುಬೆ ಹಿಡಿಯುವುದೂ ಎಡಗೈಯಲ್ಲಿ. ಅದೂ ಕಣ್ಣಿಗೆ ಬಿದ್ದಿತು. ಅವನೊಬ್ಬನೇ ಆಗಿದ್ದರೆ ಅನುಮಾನ ಬರುತ್ತಿತ್ತೇನೋ. ಅವನ ಅಕ್ಕನೂ ಎಡಚಿ, ಊರಿನ ಮುಖ್ಯಸ್ಥನೂ ಎಡಚ. ಒಂದು ಪುಟದಲ್ಲಿದ್ದರೆ ಚಿತ್ರಕಾರನ ಕೈತಪ್ಪು, ಏಳು ಸಂಪುಟಗಳಲ್ಲೂ ಹಾಗೇ ಇದ್ದರೆ ಅದು ಆ ನಾಡಿನ ಪದ್ಧತಿ ಎಂದು ಅವರು ತೀರ್ಮಾನಿಸಿದರು. ತೀರ್ಮಾನದ ದಾರಿಯಲ್ಲಿ ದೋಷವಿರಲಿಲ್ಲ. ಆಧಾರದಲ್ಲೇ ದೋಷವಿತ್ತು.

ಅವರು ಬಲ ಅಂಚು ಮೇಲೆ ಬರುವಂತೆ ಆ ಕಡೆಯ ತುಂಡನ್ನು ಅಗಲವಾಗಿ, ಅಡಿಗೆ ಹೋಗುವ ಎಡ ತುಂಡನ್ನು ಕಿರಿದಾಗಿ ಕತ್ತರಿಸಿದರು. ಎಡಗೈ ಎತ್ತಿ ಹಲುಬೆ ಎಳೆಯುವವನಿಗೆ ಬಿಗಿಯಾಗಬಾರದೆಂದು ಎಡ ಕಂಕುಳಲ್ಲಿ ಒಂದು ಹೆಚ್ಚಿನ ತುಂಡು ಕೂರಿಸಿದರು. ಸಿನಿಮಾಕ್ಕೆ ಒಂದೇ ಕೋಟು ಸಾಲದು. ಹೊಸದೊಂದು, ಮಾಸಿದ್ದೊಂದು, ನೀರಿನ ದೃಶ್ಯಕ್ಕೊಂದು, ಹರಿದದ್ದೊಂದು, ಸಾಹಸ ಮಾಡುವ ಬದಲಿ ನಟರಿಗೆ ಎರಡು, ಒಟ್ಟು ಆರು. ಆರೂ ತಯಾರಾದವು.

ಟ್ರಯಲ್ ದಿನ ಯಾರಿಗೂ ತಪ್ಪು ಕಾಣಲಿಲ್ಲ. ಇದಕ್ಕೆ ಕಾರಣವನ್ನು ಮಾಸ್ಟರಮ್ಮ ಆಮೇಲೆ ಕಂಡುಕೊಂಡರು. ಟ್ರಯಲ್ ಕೋಣೆಯಲ್ಲಿ ನಟನನ್ನು ನೇರವಾಗಿ ನೋಡುವವರಿಲ್ಲ. ನಟ, ವಿನ್ಯಾಸಕ, ನಿರ್ದೇಶಕ, ಮೂವರೂ ಗೋಡೆಯಷ್ಟು ದೊಡ್ಡ ಕನ್ನಡಿಗೆ ಮುಖ ಮಾಡಿ ನಿಂತಿದ್ದರು. ಕನ್ನಡಿಯಲ್ಲಿ ಕೋಟು ಎಡ ಮೇಲಾಗಿ, ಸರಿಯಾಗಿಯೇ ಕಾಣುತ್ತಿತ್ತು. ಅದನ್ನು ನೇರವಾಗಿ ನೋಡುತ್ತಿದ್ದವರು ಒಬ್ಬರೇ, ಕೆಳಗೆ ಮಂಡಿಯೂರಿ ಅಂಚಿಗೆ ಪಿನ್ನು ಚುಚ್ಚುತ್ತಿದ್ದ ಮಾಸ್ಟರಮ್ಮ. ಅವರಿಗೆ ಅದು ಸರಿ ಎಂದೇ ಖಾತ್ರಿ. ಜಪಾನಿನಿಂದ ಬರಬೇಕಿದ್ದ ಸಲಹೆಗಾರರು ಶೂಟಿಂಗ್ ಶುರುವಾಗುವ ದಿನ ಬರುವವರಿದ್ದರು.

ಶೂಟಿಂಗಿಗೆ ಹದಿನಾಲ್ಕು ದಿನವಿರುವಾಗ ಕಂಪನಿ ನಾಯಕನ ಮೊದಲ ಫೋಟೋ ಹೊರಬಿಟ್ಟಿತು.

ಆ ಸಂಜೆ ಮಾಸ್ಟರಮ್ಮ ಕೆಲಸದಿಂದ ಬಂದಾಗ ಸೊಸೆ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಫೋನು ನೋಡುತ್ತಿದ್ದಳು.

"ಅತ್ತೆ, ಹಾಳು ಮಾಡಿಬಿಟ್ಟರು" ಎಂದಳು.

"ಏನನ್ನು? ಹಾಲಾ?"

"ನನ್ನ ಕಾವಲುಗಾರನ್ನ. ಸಿನಿಮಾ ಮಾಡ್ತಿದಾರೆ. ಫೋಟೋ ಬಂದಿದೆ. ನೋಡಿ, ಹೆಣಕ್ಕೆ ಹಾಕೋ ಹಾಗೆ ಕೋಟು ಹಾಕಿದಾರೆ."

ಮಾಸ್ಟರಮ್ಮ ಕೈಚೀಲ ಕೆಳಗಿಡಲಿಲ್ಲ. "ಹೆಣಕ್ಕೆ ಹಾಕೋ ಹಾಗೆ ಅಂದರೆ?"

"ಅಲ್ಲಿ ಬದುಕಿರೋರು ಎಡಗಡೆ ಅಂಚು ಮೇಲೆ ಬರೋ ಹಾಗೆ ಉಡ್ತಾರೆ. ಬಲಗಡೆ ಮೇಲೆ ಬಂದರೆ ಸತ್ತೋರು ಅಂತ. ಮಾಂಗಾ ಓದೋ ಪುಟ್ಟ ಮಕ್ಕಳಿಗೂ ಗೊತ್ತು ಇದು. ಕೇಳಿ, ಜನ ಏನೇನು ಬರೀತಿದಾರೆ ಅಂತ."

ಅವಳು ಓದುತ್ತ ಹೋದಳು. 'ಹದಿನಾಲ್ಕು ವರ್ಷ ಕಾದೆ, ಇದಕ್ಕಾ?' 'ಕಾವಲುಗಾರ ಸತ್ತಿದ್ದಾನೆ ಅಂತ ಮೊದಲ ಫೋಟೋದಲ್ಲೇ ಹೇಳಿಬಿಟ್ಟರಲ್ಲ, ಇನ್ನು ಸಿನಿಮಾ ಯಾಕೆ?' 'ಮುಖ ನೋಡಿದರೆ ಉಪ್ಪು ಕಾಯುವವನ ಹಾಗಿಲ್ಲ, ಸಕ್ಕರೆ ಮುಕ್ಕುವವನ ಹಾಗಿದ್ದಾನೆ.' 'ತೇಪೆಗಳೂ ಉಲ್ಟಾ. ಮೀನುಗಾರ್ತಿಯ ತೇಪೆ ಎದೆಯ ಎಡಗಡೆ ಇರಬೇಕು, ಹೃದಯದ ಮೇಲೆ. ಇವರು ಬಲಕ್ಕೆ ಒಗೆದಿದ್ದಾರೆ.' 'ಯಾರಾದರೂ ಒಂದು ಸಲ ಪುಸ್ತಕ ತೆರೆದು ನೋಡಬಾರದಿತ್ತೇ?'

ಹೀಗೆ ಬರೆಯುವವರನ್ನು ಗೇಲಿ ಮಾಡುವುದು ಸುಲಭ. ಊಟ ತಿಂಡಿ ಬಿಟ್ಟು ಕೋಟಿನ ಅಂಚಿಗಾಗಿ ಜಗಳಕ್ಕೆ ನಿಂತಿದ್ದಾರೆಂದು ನಗಬಹುದು. ಆದರೆ ಆಕ್ಷೇಪ ಸರಿಯಾಗಿತ್ತು. ಇದಕ್ಕೆ ಮೊದಲೂ ಅವರ ಮೆಚ್ಚಿನ ಕಥೆಗಳು ತೆರೆಗೆ ಬಂದು ಮುಖ ಕೆಡಿಸಿಕೊಂಡಿದ್ದವು. ಅವರು ಹೆದರಿಕೊಂಡೇ ಕಾದಿದ್ದರು. ಓದಿದ್ದನ್ನು ಅಷ್ಟು ನಿಖರವಾಗಿ ನೆನಪಿಡುವವರು ವಿಶ್ವವಿದ್ಯಾಲಯಗಳಲ್ಲೂ ಹೆಚ್ಚಿಲ್ಲ.

"ನನ್ನದೇ ಎಲ್ಲರಿಗಿಂತ ಮೇಲಿದೆ, ನಾಲ್ಕು ಸಾವಿರ ಜನ ಮೆಚ್ಚಿದಾರೆ" ಎಂದು ಸೊಸೆ ತಾನು ಬರೆದದ್ದನ್ನೂ ಓದಿದಳು: 'ಈ ಕೋಟು ಕತ್ತರಿಸಿದವರ ಕೈಗೆ ಇನ್ನು ಕತ್ತರಿ ಕೊಡಬೇಡಿ, ಉಗುರು ತೆಗೆದುಕೊಳ್ಳಲಿಕ್ಕೂ.'

ಫೋಟೋ ಹೊರಬಿದ್ದ ಮೇಲೆ ಇನ್ನು ಮುಚ್ಚಿಡುವುದೇನಿರಲಿಲ್ಲ. ಮಾಸ್ಟರಮ್ಮ ಕೋಣೆಗೆ ಹೋಗಿ ಮಂಚದ ಕೆಳಗಿನಿಂದ ಏಳು ಸಂಪುಟಗಳನ್ನು ತಂದು ಮೇಜಿನ ಮೇಲಿಟ್ಟರು. ಒಂದನ್ನು ತೆರೆದು ಬೆರಳಿಟ್ಟು ತೋರಿಸಿದರು.

"ನಾನು ಪುಸ್ತಕ ತೆರೆದು ನೋಡಿದ್ದೆ. ಇದರಲ್ಲಿ ಬಲಗಡೆನೇ ಮೇಲಿದೆ."

ಸೊಸೆ ಮೊದಲು ಪುಸ್ತಕ ನೋಡಿದಳು, ಆಮೇಲೆ ಅತ್ತೆಯ ಮುಖ ನೋಡಿದಳು, ಮತ್ತೆ ಪುಸ್ತಕ ನೋಡಿದಳು. ಅತ್ತೆ ಎಲ್ಲಿ ಕೆಲಸ ಮಾಡುತ್ತಾರೆಂದು ಅವಳಿಗೆ ಹೊಸದಾಗಿ ಹೇಳಬೇಕಿರಲಿಲ್ಲ.

"ನೀವಾ?" ಎಂದಳು, ಮೆಲ್ಲಗೆ.

"ನಾನೇ. ಇದರಲ್ಲಿ ಯಾಕೆ ಹೀಗಿದೆ, ಅದನ್ನು ಹೇಳು."

ಸೊಸೆ ಪುಟ ತಿರುವಿದಳು. ಮೊದಲ ಹಾಳೆಯ ಮೇಲೆ ಗ್ರಂಥಾಲಯದವರು ತಾರೀಖು ಹಾಕುವ ಚೀಟಿ ಅಂಟಿಸಿದ್ದರು. ಚೀಟಿಯ ಅಂಚನ್ನು ಉಗುರಿನಿಂದ ಎತ್ತಿದಾಗ ಕೆಳಗೆ ಸಣ್ಣ ಅಕ್ಷರದ ಎರಡು ಸಾಲು ಕಂಡವು: ಎಡದಿಂದ ಬಲಕ್ಕೆ ಓದುವವರ ಅನುಕೂಲಕ್ಕಾಗಿ ಎಲ್ಲ ಚಿತ್ರಗಳನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚು ಹಾಕಲಾಗಿದೆ.

"ಜಪಾನಿನವರು ಬಲದಿಂದ ಎಡಕ್ಕೆ ಓದ್ತಾರೆ ಅತ್ತೆ. ಹಿಂದೆಲ್ಲ ಇಲ್ಲಿಯವರಿಗೆ ಕಷ್ಟ ಆಗುತ್ತೆ ಅಂತ ಪುಟಾನೇ ತಿರುಗಿಸ್ತಿದ್ದರು. ಈಗ ಯಾರೂ ಹಾಗೆ ಮಾಡಲ್ಲ. ಅದಕ್ಕೇ ಇದರಲ್ಲಿ ಎಲ್ಲರೂ ಎಡಚರು."

ಮಾಸ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. ನಿಂತೇ ಮಾತಾಡುವವರು ಅವರು.

"ನಾನು ಬರೆದಿದ್ದನ್ನ ಈಗಲೇ ಅಳಿಸಿಬಿಡ್ತೀನಿ."

"ಅಳಿಸಬೇಡ. ಬರೆದದ್ದು ಸರಿಯಾಗೇ ಇದೆ. ಉಗುರಿನ ಮಾತೊಂದು ಹೆಚ್ಚಾಯ್ತು."

ಊಟಕ್ಕೆ ಎದ್ದು ಬಂದ ಮಗ ಇಬ್ಬರ ಮುಖವನ್ನೂ ನೋಡಿ, "ಏನಾಯ್ತು, ಯಾರು ಸತ್ತರು?" ಎಂದು ಕೇಳಿದ.

"ಕಾವಲುಗಾರ. ನಾನೇ ಸಾಯಿಸಿದ್ದು. ಕೂತ್ಕೋ, ಬಡಿಸ್ತೀನಿ" ಎಂದರು ತಾಯಿ.

ಮರುದಿನ ಬೆಳಿಗ್ಗೆ ಷೆಡ್ಡಿನ ಯಜಮಾನರ ಕೋಣೆಯಲ್ಲಿ ಸಭೆ. ಕಂಪನಿಯ ಮ್ಯಾನೇಜರು ಬಂದಿದ್ದರು, ವಿನ್ಯಾಸಕನೂ ಇದ್ದ. ಮ್ಯಾನೇಜರು ದೊಡ್ಡ ಪರದೆಯ ಮೇಲೆ ಜನ ಬರೆದದ್ದನ್ನು ಒಂದೊಂದಾಗಿ ತೋರಿಸಿದರು. ಎಲ್ಲಕ್ಕಿಂತ ಮೇಲೆ ಕತ್ತರಿ, ಉಗುರಿನ ಮಾತಿತ್ತು. ಆ ಹೊತ್ತಿಗೆ ಆರು ಸಾವಿರ ಜನ ಅದನ್ನು ಮೆಚ್ಚಿದ್ದರು. ಯಾರು ಬರೆದದ್ದೆಂದು ಮಾಸ್ಟರಮ್ಮ ಹೇಳಲಿಲ್ಲ.

"ನನ್ನ ಚಿತ್ರದಲ್ಲಿ ಹೀಗಿರಲಿಲ್ಲ" ಎಂದ ವಿನ್ಯಾಸಕ.

"ನಿನ್ನ ಚಿತ್ರದಲ್ಲಿ ಹೇಗೂ ಇರಲಿಲ್ಲ. ಆದರೆ ಕತ್ತರಿಸಿದ್ದು ನಾನು, ತಪ್ಪು ನನ್ನದು" ಎಂದರು ಮಾಸ್ಟರಮ್ಮ. ಹಳೆಯ ಅನುವಾದದ ಸಂಗತಿಯನ್ನು ಎರಡು ಮಾತಿನಲ್ಲಿ ವಿವರಿಸಿದರು.

ಮ್ಯಾನೇಜರಿಗೆ ಕಾರಣ ಬೇಕಿರಲಿಲ್ಲ. ಆ ನೀಲಿ ಬಟ್ಟೆಯನ್ನು ವಿಶೇಷವಾಗಿ ಬಣ್ಣ ಕಟ್ಟಿಸಿ ತರಿಸಿದ್ದು. ಉಳಿದಿದ್ದ ತುಂಡು ಒಂದು ತೋಳಿಗೂ ಸಾಲದು. ಹೊಸದಾಗಿ ಬಣ್ಣ ಕಟ್ಟಿಸಲು ಮೂರು ವಾರ ಬೇಕು. ಬೇರೆ ಷೆಡ್ಡಿನವರ ಹತ್ತಿರ ಅದನ್ನೇ ಹೋಲುವ ಬಟ್ಟೆಯಿದೆ, ಕೆಲಸ ಅಲ್ಲಿಗೆ ಹೋಗಲಿ ಎಂದರು. "ಇವರಿಗೂ ವಯಸ್ಸಾಯ್ತಲ್ಲ, ಇನ್ನು ವಿಶ್ರಾಂತಿ ಕೊಡಿ" ಎಂದು ಯಜಮಾನರ ಕಡೆ ತಿರುಗಿ, ಮಾಸ್ಟರಮ್ಮ ಕೋಣೆಯಲ್ಲಿಲ್ಲವೇನೋ ಎಂಬಂತೆ ಸೇರಿಸಿದರು.

ಯಜಮಾನರು ಪೆನ್ನಿನ ಮುಚ್ಚಳವನ್ನು ತೆಗೆಯುತ್ತ, ಹಾಕುತ್ತ ಕೂತಿದ್ದರು. ಇಪ್ಪತ್ತಾರು ವರ್ಷದ ಪರಿಚಯ ಅವರಿಗೂ ಇತ್ತು, ಕಂಪನಿಯ ಭಯವೂ ಇತ್ತು.

"ಬಟ್ಟೆ ಬೇಡ, ಇದ್ದದ್ದನ್ನೇ ಮಗುಚ್ತೀನಿ" ಎಂದರು ಮಾಸ್ಟರಮ್ಮ.

"ಮಗುಚೋದು ಅಂದರೆ? ಇದೇನು ರೊಟ್ಟಿನಾ?" ಎಂದರು ಮ್ಯಾನೇಜರು.

ಮಾಸ್ಟರಮ್ಮ ಒಂದು ಕೋಟನ್ನು ತಂದು ಮೇಜಿನ ಮೇಲೆ ಹರಡಿ, ತೋಳುಗಳನ್ನು ಒಳಕ್ಕೆಳೆದು, ಒಳಗನ್ನು ಹೊರಗೆ ಮಾಡಿ, ವಿನ್ಯಾಸಕನಿಗೆ ತೊಡಿಸಿದರು. ಅಸ್ತರಿನ ಬಟ್ಟೆ ಹೊರಗೆ ಬಂದು ಅವನು ಹಾಸಿಗೆ ಸುತ್ತಿಕೊಂಡವನ ಹಾಗೆ ಕಂಡ. ಆದರೆ ಬಲಗಡೆಯಿದ್ದ ಅಗಲದ ತುಂಡು ಈಗ ಎಡಗಡೆಯಿತ್ತು. ಎಡ ಕಂಕುಳಿನ ಹೆಚ್ಚಿನ ತುಂಡು ಬಲ ಕಂಕುಳಿಗೆ ಬಂದಿತ್ತು.

"ಈ ಬಟ್ಟೆಗೆ ಒಳಗು ಹೊರಗು ಇಲ್ಲ, ಎರಡು ಕಡೆಯೂ ಒಂದೇ ಬಣ್ಣ. ಪೂರ್ತಿ ಬಿಚ್ಚಿ, ತುಂಡುಗಳನ್ನು ಮಗುಚಿ ಹಾಕಿ, ಅಸ್ತರು ಮತ್ತೆ ಒಳಗೆ ಕೊಟ್ಟು ಹೊಲಿದರೆ ಆಯ್ತು. ನಮ್ಮ ಮಾವನ ಅಂಗಡಿಯಲ್ಲಿ ಬಣ್ಣ ಹೋದ ಕೋಟುಗಳನ್ನೆಲ್ಲ ಹೀಗೇ ಹೊಸದು ಮಾಡ್ತಿದ್ವಿ. ಹತ್ತು ದಿನ ಕೊಡಿ."

ಮ್ಯಾನೇಜರು ಒಪ್ಪಿದರು, ಷರತ್ತಿನ ಮೇಲೆ. ಹನ್ನೆರಡನೆಯ ದಿನ, ಭಾನುವಾರ, ಎರಡನೆಯ ಫೋಟೋ ಹೊರಬರುತ್ತದೆ. ಜನರ ಬಾಯಿ ಆಗಲೂ ಕೋಟಿನ ಮೇಲೇ ಇದ್ದರೆ ಕೆಲಸ ಬೇರೆ ಷೆಡ್ಡಿಗೆ, ಮಾಸ್ಟರಮ್ಮ ಮನೆಗೆ. ಯಜಮಾನರು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟರು. ಅದನ್ನೇ ಒಪ್ಪಿಗೆ ಎಂದು ತಿಳಿಯಬೇಕಾಯಿತು.

ಮಾಸ್ಟರಮ್ಮ ಒಂದು ಕೋರಿಕೆ ಇಟ್ಟರು: ಸೊಸೆಯ ಕೈಯಲ್ಲೂ ಆ ಬಾಯಿಮುಚ್ಚಿಸುವ ಕಾಗದಕ್ಕೆ ಸಹಿ ಹಾಕಿಸಿ, ಅವಳನ್ನು ಷೆಡ್ಡಿನೊಳಗೆ ಬಿಡಬೇಕು.

ಸೊಸೆ ಅಂಗಡಿಗೆ ರಜೆ ಹಾಕಿ ಬಂದಳು. ಮೊದಲ ನಾಲ್ಕು ದಿನ ಬಿಚ್ಚುವ ಕೆಲಸ. ಹಾಸುಹೊಲಿಗೆಯ ಕೋಟೆಂದರೆ ಒಂದೊಂದರಲ್ಲೂ ಸಾವಿರಾರು ಸಣ್ಣ ಟಾಕು. ಎಳೆದರೆ ಬಟ್ಟೆ ಹರಿಯುತ್ತದೆ. ಹನ್ನೊಂದು ಹೆಂಗಸರಲ್ಲಿ ಏಳು ಜನ ಯಂತ್ರ ಬಿಟ್ಟು ಬ್ಲೇಡು ಹಿಡಿದು ಕೂತರು. ಸೊಸೆಗೂ ಒಂದು ಬ್ಲೇಡು ಸಿಕ್ಕಿತು.

"ಆನ್‌ಲೈನಲ್ಲಿ ಬಾಯಿಗೆ ಬಂದಿದ್ದು ಬರೆಯೋರ ಕೈಗೂ ಒಂದಿಷ್ಟು ಕೆಲಸ ಕೊಡಬೇಕು" ಎಂದರು ಮಾಸ್ಟರಮ್ಮ, ಯಾರಿಗೂ ಅಲ್ಲ ಎಂಬಂತೆ.

"ಅತ್ತೆ, ಇಲ್ಲೆಲ್ಲ ಹೇಳಬೇಡಿ."

"ನಾನೇನು ಹೇಳಿದೆ? ಟಾಕು ನೋಡಿ ಬಿಚ್ಚು ಅಂದೆ."

ಷೆಡ್ಡಿನ ಹೆಂಗಸರು ದಡ್ಡಿಯರಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಅವರಿಗೆಲ್ಲ ತಿಳಿದಿತ್ತು. ಗುಂಡಿಗೆ ಕಾಜಾ ಹಾಕುವಾಕೆ ಸೊಸೆಯ ಮುಂದೆ ತನ್ನ ಕೈ ಚಾಚಿ, "ಉಗುರು ಬೆಳೆದಿದೆ. ತೆಗೆದುಕೊಳ್ಳಬಹುದಾ ಮೇಡಮ್, ಅಪ್ಪಣೆ ಇದೆಯಾ?" ಎಂದು ಕೇಳಿದಳು. ಸೊಸೆ ಕಿವಿಯವರೆಗೆ ಕೆಂಪಾದಳು. ಅಂದಿನಿಂದ ಅವಳನ್ನು ಅಲ್ಲಿ ಉಗುರಮ್ಮ ಎಂದೇ ಕರೆದರು.

ಐದನೆಯ ದಿನದಿಂದ ಅವಳ ನಿಜವಾದ ಕೆಲಸ ಶುರುವಾಯಿತು. ತಿರುಗಿಸದ ಹೊಸ ಮುದ್ರಣದ ಪುಟಗಳನ್ನು ಫೋನಿನಲ್ಲಿ ತೆರೆದಿಟ್ಟುಕೊಂಡು ತುಂಡು ತುಂಡನ್ನೂ ಹೋಲಿಸಿದಳು. ಏಳು ತೇಪೆಗಳನ್ನೂ ಬಿಚ್ಚಿ ಮಗುಚಿ ಹೊಸ ಜಾಗದಲ್ಲಿ ಕೂರಿಸಬೇಕಿತ್ತು. ಮಗುಚಿದ ಬಟ್ಟೆ ಹೊಚ್ಚ ಹೊಸದಾಗಿ ಕಾಣುತ್ತಿದ್ದುದರಿಂದ ಅದನ್ನು ಕಲ್ಲಿನಿಂದ ಉಜ್ಜಿ, ಉಪ್ಪುನೀರಿನಲ್ಲಿ ನೆನೆಸಿ, ಬಿಸಿಲಿಗೊಡ್ಡಿ ಹಳೆಯದು ಮಾಡಬೇಕಿತ್ತು. ಬಲಭುಜವನ್ನು ಹೆಚ್ಚು ಸವೆಸಬೇಕು, ಅವನು ಬುಟ್ಟಿ ಹೊರುವುದು ಆ ಕಡೆ.

"ಐದನೇ ತೇಪೆ ಇಷ್ಟು ನೀಟಾಗಿ ಇರಬಾರದು ಅತ್ತೆ. ಅದನ್ನು ಅವನೇ ಹಾಕ್ಕೊಂಡಿದ್ದು, ಹದಿನೆಂಟನೇ ಸಂಪುಟದಲ್ಲಿ. ಅವನಿಗೆ ಹೊಲಿಯಕ್ಕೆ ಬರಲ್ಲ."

"ಕೆಟ್ಟದಾಗಿ ಹೊಲಿ ಅಂತೀಯಾ?"

"ಹೂಂ."

ಮಾಸ್ಟರಮ್ಮ ಸೂಜಿ ಹಿಡಿದು ಮೂರು ಸಲ ಪ್ರಯತ್ನಿಸಿದರು. ಮೂರು ಸಲವೂ ಹೊಲಿಗೆ ಗೆರೆ ಎಳೆದಂತೆ ಬಂತು. ಕೊನೆಗೆ ಸೊಸೆಯ ಕೈಗೆ ಸೂಜಿ ಕೊಟ್ಟು, "ನೀನೇ ಹಾಕು. ನಿನ್ನಷ್ಟು ಕೆಟ್ಟದಾಗಿ ಇಲ್ಲಿ ಯಾರಿಗೂ ಬರಲ್ಲ" ಎಂದರು. ಆರು ಕೋಟುಗಳಲ್ಲೂ ಐದನೆಯ ತೇಪೆ ಸೊಸೆಯದು.

ಹತ್ತನೆಯ ದಿನ ಸಂಜೆ ಆರೂ ಕೋಟುಗಳು ಹ್ಯಾಂಗರಿಗೆ ಬಂದವು. ಟ್ರಯಲ್ ಕೋಣೆಯ ಕನ್ನಡಿಗೆ ಮಾಸ್ಟರಮ್ಮ ಒಂದು ಬೆಡ್‌ಶೀಟು ಹೊದಿಸಿ, ನಟನನ್ನು ಬಾಗಿಲ ಕಡೆ ಮುಖ ಮಾಡಿ ನಿಲ್ಲಿಸಿದರು. ನಟ ತನ್ನನ್ನು ತಾನು ನೋಡಿಕೊಳ್ಳಲಾಗದೆ ಚಡಪಡಿಸಿದ. "ನೀವು ನೋಡೋದು ಬೇಡ ಸ್ವಾಮಿ, ನೋಡೋರು ನೋಡಲಿ" ಎಂದು ಸೊಸೆಯನ್ನು ಅವನೆದುರು ನಿಲ್ಲಿಸಿದರು. ಅವಳು ಕಾಲಿನಿಂದ ತಲೆಯವರೆಗೆ ಎರಡು ಸಲ ನೋಡಿ, ಮುಖ ಗಂಟಿಕ್ಕಿಕೊಂಡೇ ಆಗಬಹುದೆಂದು ತಲೆಯಾಡಿಸಿದಳು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋಟೋ ಬರುವುದಿತ್ತು. ಮಾಸ್ಟರಮ್ಮ ಆರಕ್ಕೇ ಎದ್ದು ಮನೆಯ ಕಿಟಕಿಗಳನ್ನೆಲ್ಲ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ಮಗ ಎದ್ದು ಕೂತು, "ಅಮ್ಮ, ಗಾಜು ಸವೆಯುತ್ತೆ" ಎಂದ. ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು, ಸೋಮವಾರ ಆ ಮೇಜಿನ ಮುಂದೆ ನಿಲ್ಲುವವರು ಯಾರೆಂಬುದು ಇನ್ನು ಕೆಲವು ತಾಸಿನಲ್ಲಿ ಗುರುತು ಪರಿಚಯವಿಲ್ಲದ ಜನ ತೀರ್ಮಾನಿಸುತ್ತಾರೆ ಎಂದು.

ಹನ್ನೊಂದಾಯಿತು. ಸೊಸೆ ಫೋನನ್ನು ನೀರಿನ ಲೋಟಕ್ಕೆ ಒರಗಿಸಿ ನಿಲ್ಲಿಸಿದಳು. ಫೋಟೋದಲ್ಲಿ ಕಾವಲುಗಾರ ಉಪ್ಪಿನ ಗದ್ದೆಯ ಬದುವಿನ ಮೇಲೆ ಹಲುಬೆ ಹಿಡಿದು ನಿಂತಿದ್ದ. ಪಕ್ಕದಲ್ಲಿ ಒಂದು ನಾಯಿ.

"ಅಯ್ಯೋ" ಎಂದಳು ಸೊಸೆ.

ಮಾಸ್ಟರಮ್ಮನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. "ಏನು? ಅಂಚಾ?"

"ಅಲ್ಲ. ನಾಯಿಗೆ ಎರಡು ಕಿವಿ ಇದೆ."

"ನಾಯಿಗೆ ಎರಡೇ ಅಲ್ಲವಾ ಇರೋದು?"

"ಕಾವಲುಗಾರನ ನಾಯಿಗೆ ಒಂದೇ ಅತ್ತೆ. ಒಂದನ್ನು ಏಡಿ ಕಚ್ಚಿಕೊಂಡು ಹೋಗಿದೆ, ಮೂರನೇ ಸಂಪುಟದಲ್ಲಿ."

ಪ್ರತಿಕ್ರಿಯೆಗಳು ಬರತೊಡಗಿದವು. ಸೊಸೆ ಒಂದನ್ನೂ ಬಿಡದೆ ಓದಿದಳು. 'ಎರಡು ಕಿವಿಯ ನಾಯಿಯನ್ನು ನಾನು ಒಪ್ಪುವುದಿಲ್ಲ.' 'ಇದು ಯಾರೋ ದಾರಿಹೋಕ ನಾಯಿ, ಕಾವಲುಗಾರನದು ಇನ್ನೂ ಬಂದಿಲ್ಲ.' 'ಆ ಕಿವಿಯಿಂದಲೇ ಅಲ್ಲವೇ ಇಡೀ ನಾಲ್ಕನೆಯ ಸಂಪುಟ ಹುಟ್ಟಿದ್ದು? ಈಗ ಏನು ಮಾಡುತ್ತೀರಿ?' 'ನಾಯಿಯ ಬಣ್ಣವೂ ಸರಿಯಿಲ್ಲ.' 'ಬಣ್ಣ ಸರಿಯಿದೆ, ನಿಮ್ಮ ಫೋನು ಸರಿಯಿಲ್ಲ.' ಆ ಕೊನೆಯ ಇಬ್ಬರು ಮುಂದಿನ ನಲವತ್ತು ಉತ್ತರಗಳವರೆಗೆ ಜಗಳವಾಡಿದರು.

"ಕೋಟಿನ ಬಗ್ಗೆ?" ಮಾಸ್ಟರಮ್ಮ ಹತ್ತು ನಿಮಿಷಕ್ಕೊಮ್ಮೆ ಕೇಳಿದರು.

"ಏನೂ ಇಲ್ಲ."

"ಸರಿಯಾಗಿ ನೋಡು."

"ನೋಡ್ತಿದೀನಿ ಅತ್ತೆ. ನಾಯಿ, ನಾಯಿ, ನಾಯಿ, ನಟನ ಗಡ್ಡ, ನಾಯಿ."

ಒಂದು ಗಂಟೆಯ ಹೊತ್ತಿಗೆ ಒಂಬೈನೂರು ಪ್ರತಿಕ್ರಿಯೆಗಳಾಗಿದ್ದವು. ಕೋಟಿನ ಮಾತು ಬಂದದ್ದು ಒಂದೇ ಒಂದು ಕಡೆ. ಸೊಸೆ ಅದನ್ನು ಓದಿದಳು: 'ಕೋಟು ಸರಿಯಾಗಿದೆ, ಬಿಡಿ. ಮೊದಲು ನಾಯಿಯ ವಿಚಾರ ಮಾತಾಡೋಣ.'

"ಇನ್ನೊಂದು ಸಲ ಓದು" ಎಂದರು ಮಾಸ್ಟರಮ್ಮ.

ಸೊಸೆ ಮತ್ತೆ ಓದಿದಳು. "ಇದು ನಾನು ಬರೆದಿದ್ದಲ್ಲ, ಆಣೆ" ಎಂದೂ ಸೇರಿಸಿದಳು.

ಒಂದೂವರೆಗೆ ಯಜಮಾನರ ಫೋನು ಬಂತು. ಆರು ಕೋಟುಗಳೂ ನಾಳೆ ಬೆಳಿಗ್ಗೆ ಶೂಟಿಂಗ್ ಜಾಗಕ್ಕೆ ಹೋಗುತ್ತವೆ, ಮ್ಯಾನೇಜರು ನಾಯಿ ತಂದವನನ್ನು ಹುಡುಕುತ್ತಿದ್ದಾರೆ, ಹಳ್ಳಿಯವರ ಪಾತ್ರಗಳಿಗೆ ನಲವತ್ತು ಅಂಗಿ ಕತ್ತರಿಸುವುದಿದೆ, ಎಂಟೂವರೆಗೆ ಬಂದುಬಿಡಿ ಎಂದರು. ಮಾಸ್ಟರಮ್ಮ "ಆಯ್ತು" ಎಂದು ಫೋನು ಇಟ್ಟರು. ಇಟ್ಟ ಮೇಲೆ ದೊಡ್ಡದಾಗಿ ಉಸಿರು ಬಿಟ್ಟರು. ಅದು ಆಚೆ ಕೋಣೆಯಲ್ಲಿದ್ದ ಮಗನಿಗೂ ಕೇಳಿಸಿತಂತೆ. ಅತ್ತೆ, ಸೊಸೆ, ಮಗ ಮೂವರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದು ಒಂದಕ್ಕೊಂದು ಹೊಂದುತ್ತದೆ, ಆದ್ದರಿಂದ ನಂಬಿದ್ದೇನೆ.

ಆ ಮಧ್ಯಾಹ್ನ ಅವರು ಊಟ ಮಾಡಿ, ಹನ್ನೆರಡು ದಿನಗಳಲ್ಲಿ ಮೊದಲ ಸಲ, ಹಗಲು ಹೊತ್ತಿನಲ್ಲಿ ಮಲಗಿದರು. ಐದು ಗಂಟೆಗೆ ಸೊಸೆ ಚಹಾ ತಂದು ಎಬ್ಬಿಸಿದಳು.

"ಇನ್ನೇನಾದರೂ ಬರೆದಿದಾರಾ?" ಕಣ್ಣು ಬಿಡದೆಯೇ ಕೇಳಿದರು.

"ಮೂರು ಸಾವಿರ ಆಗಿದೆ. ಎಲ್ಲ ನಾಯಿದೇ."

"ಸರಿ" ಎಂದು ಮಾಸ್ಟರಮ್ಮ ಮಗ್ಗುಲು ಬದಲಿಸಿದರು. ಚಹಾ ಆರಿತು. ಸೊಸೆ ಮತ್ತೆ ಎಬ್ಬಿಸಲಿಲ್ಲ.